ತಿರುಗಿ ನೋಡಿದ ನಾಯಿಕೆ

ವೇಷವೆಂಬುದು ನಮ್ಮ ನಾಡಿನವರಿಗೆ ಹೊಸ ಮಾತಲ್ಲ. ಹಗಲುವೇಷದವರು ಊರೊಳಗೆ ಕಾಲಿಟ್ಟರೆಂದರೆ ಉಣ್ಣುವ ತಟ್ಟೆಯನ್ನು ಬಿಟ್ಟು ಬೀದಿಗೆ ಓಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿದ್ದ ಪರಿಚಯದ ಮನುಷ್ಯನು ರಂಗಸ್ಥಳಕ್ಕೆ ಬಂದೊಡನೆ ಅಪರಿಚಿತನಾಗಿಬಿಡುವುದನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರು ನಾವು. ಹೀಗಿದ್ದೂ, ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವೇಷದ ವಿಷಯವಾಗಿ ಕೇಳಿದ ಒಂದು ಪ್ರಶ್ನೆಗೆ, ಹದಿನೆಂಟು ವರ್ಷಗಳಿಂದ ಕಾವ್ಯಮೀಮಾಂಸೆಯನ್ನು ಪಾಠ ಹೇಳುತ್ತಿರುವ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ತರಗತಿಯಲ್ಲಿ ಭರತನ ನಾಟ್ಯಶಾಸ್ತ್ರದ ಪ್ರಸ್ತಾಪ ಬಂದಿತ್ತು. ಅಭಿನಯವು ನಾಲ್ಕು ಬಗೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಉಡುಗೆ ತೊಡುಗೆ, ಬಣ್ಣ, ಆಭರಣಗಳೆಲ್ಲ ಆಹಾರ್ಯ. ಅವು ಹೊರಗಿನಿಂದ ತಂದು ಹಚ್ಚಿಕೊಂಡವು. ಬೆವರು, ನಡುಕ, ರೋಮಾಂಚ, ಕಂಬನಿ ಮೊದಲಾದ ಎಂಟು ಸಾತ್ತ್ವಿಕ ಭಾವಗಳು ಮಾತ್ರ ಮನಸ್ಸು ಒಂದೆಡೆ ನೆಲೆಗೊಂಡಾಗ ಒಳಗಿನಿಂದ ಏಳತಕ್ಕವು. ಇಷ್ಟನ್ನು ಹೇಳಿ ಪುಸ್ತಕ ಮುಚ್ಚಿ ಹೊರಟವನನ್ನು ಆ ಹುಡುಗಿ ಮೊಗಸಾಲೆಯಲ್ಲಿ ನಿಲ್ಲಿಸಿದಳು.

“ಸರ್, ಸೀತೆಯ ಪಾತ್ರ ಮಾಡುವವರಿಗೆ ರಾಮಾಯಣ ಇದೆ. ಆದರೆ ನಾನು ವೇಷ ಹಾಕಬೇಕು ಅಂತಿರೋಳು ಮನುಷ್ಯಳೇ ಅಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ ಬೊಂಬೆ. ಅದು ಅಭಿನಯ ಆಗುತ್ತಾ, ಇಲ್ಲಾ ಬರೀ ಆಹಾರ್ಯಾನಾ?”

“ಯಾರ ವೇಷವಮ್ಮ?” ಎಂದೆ.

“ಲಾರಾ ಕ್ರಾಫ್ಟ್ ಅಂತ ಸರ್. ವಿಡಿಯೋ ಗೇಮ್‌ನ ನಾಯಕಿ.”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮುಂದಿನ ತಿಂಗಳು ಬೆಂಗಳೂರಿನ ಚಿತ್ರಕಥಾ ಮೇಳವೊಂದರಲ್ಲಿ ಆ ವೇಷ ಹಾಕುವುದಾಗಿಯೂ, ಬಿಡುವಾದರೆ ಬರಬೇಕೆಂದೂ ಹೇಳಿ ಹೊರಟುಹೋದಳು. ಆ ನಗೆಗೆ ಪ್ರಾಯಶ್ಚಿತ್ತವೆಂಬಂತೆ ಈ ಲೇಖನವನ್ನು ಬರೆಯುತ್ತಿದ್ದೇನೆ.

ಲಾರಾ ಕ್ರಾಫ್ಟ್ ಯಾರೆಂಬುದನ್ನು ಬಲ್ಲ ಓದುಗರು ಈ ಖಂಡಿಕೆಯನ್ನು ದಾಟಿ ಮುಂದೆ ಹೋಗಬಹುದು. ನನ್ನಂತಹ ಅನಭಿಜ್ಞರಿಗಾಗಿ ಇಷ್ಟನ್ನು ಹೇಳಲೇಬೇಕು. ಇಂಗ್ಲೆಂಡಿನ ಡರ್ಬಿ ನಗರದಲ್ಲಿದ್ದ ಕೋರ್ ಡಿಸೈನ್ ಎಂಬ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ಎಂಬ ಯುವ ಕಲಾವಿದ ಆಕೆಯನ್ನು ರೂಪಿಸಿದ. ಮೊದಲು ಅವನ ಮನಸ್ಸಿನಲ್ಲಿದ್ದುದು ದಕ್ಷಿಣ ಅಮೆರಿಕದ ಹೆಣ್ಣು. ಮನೆತನದ ಹೆಸರು ಕ್ರೂಜ್. ಬರಬರುತ್ತ ಆಕೆ ಇಂಗ್ಲೆಂಡಿನ ಸಿರಿವಂತ ಮನೆತನದವಳಾಗಿ, ಹೆಸರು ಕ್ರಾಫ್ಟ್ ಎಂದಾಯಿತು. 1996ರ ಕೊನೆಯಲ್ಲಿ ಹೊರಬಂದ ‘ಟೂಮ್ ರೇಡರ್’ ಎಂಬ ಆಟದಲ್ಲಿ ಅವಳು ಮೊದಲ ಬಾರಿಗೆ ಪಾಳುಗುಡಿಗಳನ್ನೂ ಗವಿಗಳನ್ನೂ ಹೊಕ್ಕು, ಕಳೆದುಹೋದ ಪುರಾತನ ವಸ್ತುಗಳನ್ನು ಹುಡುಕಹೊರಟಳು. ಅಂದಿನ ಯಂತ್ರಗಳ ಶಕ್ತಿ ಅಲ್ಪವಾದುದರಿಂದ ಅವಳ ಮೈಯೆಲ್ಲ ಕೆಲವೇ ನೂರು ತ್ರಿಕೋಣಗಳನ್ನು ಜೋಡಿಸಿ ಮಾಡಿದುದಾಗಿತ್ತು. ಆದರೂ ಜನ ಆಕೆಯನ್ನು ಮನೆಯವಳಂತೆ ಸ್ವೀಕರಿಸಿದರು. 2010ರಲ್ಲಿ ಡರ್ಬಿ ನಗರವು ತನ್ನ ಹೊಸ ರಸ್ತೆಯೊಂದಕ್ಕೆ ಅವಳ ಹೆಸರನ್ನೇ ಇಟ್ಟಿತು. ಹುಟ್ಟಿಯೇ ಇಲ್ಲದವಳಿಗೆ ಹುಟ್ಟೂರು ತೋರಿಸಿದ ಮರ್ಯಾದೆ ಅದು.

ನಕ್ಕವನಿಗೆ ಮನಸ್ಸು ಚುಚ್ಚುತ್ತಿತ್ತು. ಮನೆಗೆ ಬಂದು ನನ್ನ ಮಗನನ್ನು ಕೇಳಿದರೆ, ಆ ಆಟಗಳಲ್ಲಿ ಎರಡು ಮೂರು ಅವನಲ್ಲಿಯೇ ಇದ್ದುವು! ಒಂದು ವಾರ ರಾತ್ರಿ ಊಟವಾದ ಮೇಲೆ ಅವನು ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲ ದಿನ ಕಂಡದ್ದು ಓಟ, ನೆಗೆತ, ಗುಂಡಿನ ಸದ್ದು. ಎರಡನೆಯ ದಿನ ಒಂದು ಸಂಗತಿ ಗಮನಕ್ಕೆ ಬಂದಿತು: ಇಷ್ಟು ಹೊತ್ತು ನೋಡಿದರೂ ನಾಯಿಕೆಯ ಮುಖ ನನಗೆ ನೆನಪಿಲ್ಲ. ಅದಕ್ಕೆ ಕಾರಣ ಸರಳವಾದುದು. ಈ ಆಟದಲ್ಲಿ ನೋಟದ ನೆಲೆ ಯಾವಾಗಲೂ ನಾಯಿಕೆಯ ಹಿಂದೆಯೇ. ಅವಳು ಮುಂದೆ ಹೋಗುತ್ತಾಳೆ. ನಾವು ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ತೇಲುತ್ತ ಹೋಗುತ್ತೇವೆ. ನಡುನಡುವೆ ಕಥೆ ಹೇಳುವ ದೃಶ್ಯಗಳಲ್ಲಿ ಮುಖ ತೋರುವುದುಂಟು. ಉಳಿದಂತೆ ನಮಗೆ ಪರಿಚಯವಾಗುವುದು ಅವಳ ಬೆನ್ನು, ಬೆನ್ನಿಗೆ ಅಂಟಿದ ಚಿಕ್ಕ ಚೀಲ, ಹೆಜ್ಜೆ ಇಡುವ ರೀತಿ, ಬಂಡೆಯ ಅಂಚನ್ನು ಎರಡೂ ಕೈಗಳಿಂದ ಹಿಡಿದು ತೂಗಾಡುವಾಗ ಬಿಗಿಯುವ ಭುಜ. ಪ್ರಸಿದ್ಧವಾದ ಆ ಉದ್ದ ಜಡೆ ಕೂಡ 1996ರ ಆಟದಲ್ಲಿ ಆಡುವಾಗ ಇರಲಿಲ್ಲ, ತುರುಬು ಮಾತ್ರ ಇತ್ತು. ಬೆನ್ನ ಮೇಲೆ ತೂಗುವ ಜಡೆ ಬಂದುದು 1997ರ ಎರಡನೆಯ ಆಟದಲ್ಲಿ. ಅದೂ ಬೆನ್ನಿಗೆ ಸಂದ ಅಲಂಕಾರವೇ.

ಕಾವ್ಯಗಳಲ್ಲಿ ನಾಯಿಕೆಯ ವರ್ಣನೆ ಮುಖದಿಂದಲೋ ಮುಡಿಯಿಂದಲೋ ಪಾದದಿಂದಲೋ ಮೊದಲಾಗುತ್ತದೆ. ಬೆನ್ನಿನಿಂದಲೇ ಗುರುತಾಗುವ, ನಡಿಗೆಯೇ ಮುಖವಾಗಿರುವ ನಾಯಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ.

ಈ ಬೊಂಬೆಗೆ ಮನುಷ್ಯದೇಹವನ್ನು ಕೊಡುವ ಪ್ರಯತ್ನಗಳು ಮೊದಲಿನಿಂದಲೂ ನಡೆದುವು. ಪ್ರಕಾಶಕರು ಜಾಹೀರಾತಿಗಾಗಿ ಒಬ್ಬರಾದ ಮೇಲೊಬ್ಬರಂತೆ ರೂಪದರ್ಶಿಯರನ್ನು ನೇಮಿಸಿದರು. ನಥಾಲಿ ಕುಕ್, ರೋನಾ ಮಿತ್ರಾ, ನೆಲ್ ಮ್ಯಾಕ್‌ಆಂಡ್ರೂ, ಲೂಸಿ ಕ್ಲಾರ್ಕ್‌ಸನ್, ಕರೀಮಾ ಅದೆಬಿಬೆ ಮುಂತಾದವರು ಆ ಉಡುಗೆ ತೊಟ್ಟು ಮೇಳಗಳಲ್ಲಿ ನಿಂತರು. ನಿಲ್ಲುವುದೇ ಅವರ ಮುಖ್ಯ ಕೆಲಸ. ಛಾಯಾಗ್ರಾಹಕರ ಕಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು. ಓಡುವವಳನ್ನು ಹೀಗೆ ನಿಲ್ಲಿಸಿ ನೋಡುವುದರಲ್ಲಿ ವ್ಯಾಪಾರಕ್ಕೆ ಲಾಭವಿದ್ದೀತು, ಪಾತ್ರಕ್ಕೆ ನಷ್ಟವೇ. ಪಾತ್ರವನ್ನು ಸೃಷ್ಟಿಸಿದ ಗಾರ್ಡ್ 1997ರಲ್ಲಿಯೇ ಆ ಸಂಸ್ಥೆಯನ್ನು ತೊರೆದ. ತನ್ನ ನಾಯಿಕೆಯನ್ನು ಜಾಹೀರಾತಿನಲ್ಲಿ ಬಳಸಿಕೊಂಡ ಬಗೆ ಅವನಿಗೆ ಹಿಡಿಸಿರಲಿಲ್ಲ. 2008ರಲ್ಲಿ ಅಲಿಸನ್ ಕ್ಯಾರಲ್ ಎಂಬ ಅಂಗಸಾಧಕಿಯನ್ನು ಆರಿಸಿದಾಗ ಮಾತ್ರ, ಲಾರಾಳ ಸಾರವಿರುವುದು ಚಲನೆಯಲ್ಲಿ ಎಂಬುದು ಅವರಿಗೂ ಹೊಳೆದಂತೆ ಕಾಣುತ್ತದೆ. ಚಲನಚಿತ್ರಗಳಲ್ಲಿ 2001ರಲ್ಲಿ ಆಂಜೆಲಿನಾ ಜೋಲಿ, 2018ರಲ್ಲಿ ಅಲಿಸಿಯಾ ವಿಕಾಂಡರ್ ಈ ಪಾತ್ರವನ್ನು ವಹಿಸಿದರು.

2013ರಲ್ಲಿ ಕ್ರಿಸ್ಟಲ್ ಡೈನಮಿಕ್ಸ್ ಎಂಬ ಅಮೆರಿಕದ ಸಂಸ್ಥೆ ಕಥೆಯನ್ನು ಮೊದಲಿನಿಂದ ಹೇಳಿತು. ಇಲ್ಲಿ ಲಾರಾ ಇಪ್ಪತ್ತೊಂದು ವರ್ಷದ ತರುಣಿ. ಹಡಗು ಒಡೆದು, ಯಮತಾಯಿ ಎಂಬ ದ್ವೀಪದಲ್ಲಿ ಗಾಯಗೊಂಡು ಬಿದ್ದವಳು. ಕೈಗೆ ಸಿಕ್ಕ ಬಿಲ್ಲೊಂದೇ ಆಸರೆ. ಕಮಿಲಾ ಲಡಿಂಗ್ಟನ್ ಎಂಬ ನಟಿ ಅವಳಿಗೆ ಧ್ವನಿಯನ್ನು ಮಾತ್ರವಲ್ಲ, ಚಲನೆಯನ್ನೂ ಕೊಟ್ಟಳು. ಮೈಗೆ ಅಂಟಿದ ಉಡುಪಿನ ಮೇಲೆ ಗುರುತುಗಳನ್ನಿಟ್ಟು, ನಟಿಯ ಚಲನೆಗಳನ್ನು ಹಲವು ಕ್ಯಾಮೆರಾಗಳಿಂದ ಹಿಡಿದು ಬೊಂಬೆಯ ಮೈಗೆ ಹೊಂದಿಸುವ ವಿಧಾನವಿದು. ಹಾಗೆ ಹುಟ್ಟಿದ ಈ ಲಾರಾ ನೋವಾದರೆ ಪಕ್ಕೆ ಹಿಡಿದುಕೊಳ್ಳುತ್ತಾಳೆ. ಗೋಡೆಯ ಬದಿಯಲ್ಲಿ ನಡೆಯುವಾಗ ಯಾರೂ ಹೇಳದೆಯೇ ಅದಕ್ಕೆ ಕೈತಾಗಿಸುತ್ತಾಳೆ. ನಮ್ಮ ಹುಡುಗಿ ಆರಿಸಿಕೊಂಡದ್ದು ಈ ಲಾರಾಳನ್ನು. ಮುಂದೆ ಕಾರಣ ಕೇಳಿದಾಗ ಅವಳು ಹೇಳಿದ್ದಿಷ್ಟೆ: “ಹಳೆಯವಳಿಗೆ ಭಯಾನೇ ಇಲ್ಲ ಸರ್. ಇವಳಿಗೆ ಭಯ ಇದೆ, ಆದರೂ ಹೋಗ್ತಾಳೆ.”

ಮೆಚ್ಚಿದ ಪಾತ್ರದ ವೇಷ ತೊಟ್ಟು ಮೇಳಕ್ಕೆ ಬರುವ ಈ ಪದ್ಧತಿಗೆ ಲೋಕದಲ್ಲಿ ಕಾಸ್‌ಪ್ಲೇ ಎಂದು ಹೆಸರು. ಹೆಸರು ಹುಟ್ಟಿದ್ದು ಜಪಾನಿನಲ್ಲಿ, 1980ರ ದಶಕದ ಆರಂಭದಲ್ಲಿ, ನೊಬುಯುಕಿ ತಕಹಾಶಿ ಎಂಬ ಬರಹಗಾರನಿಂದ. ಪದ್ಧತಿ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್, ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಕಾಲದ ಮನುಷ್ಯರ ಉಡುಪಿನಲ್ಲಿ ಬಂದರು. ಹೆಸರು ಹೆಚ್ಚಾಗಿ ಸಂದುದು ಅಕರ್‌ಮನ್‌ಗೆ. ಎರಡೂ ಉಡುಪುಗಳನ್ನು ಹೊಲಿದವಳು ಮರ್ಟಲ್. ನಮ್ಮ ದೇಶದಲ್ಲಿ ದೊಡ್ಡ ಚಿತ್ರಕಥಾ ಮೇಳಗಳು 2011ರಲ್ಲಿ ದೆಹಲಿಯಿಂದ ಮೊದಲಾಗಿ ಮರುವರ್ಷವೇ ಬೆಂಗಳೂರಿಗೂ ಬಂದುವು.

ಹೊಲಿದವರ ಹೆಸರು ಮರೆಯಾಗುವುದು ಅಂದಿಗೆ ಮುಗಿದ ಕಥೆಯಲ್ಲ. ಮೇಳದ ದಿನ ನನಗೆ ಪರಿಚಯವಾದ ಆ ಹುಡುಗಿಯ ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವರು. ದಿನವೆಲ್ಲ ಅಲ್ಲಿ ದುಡಿದು, ಮನೆಗೆ ಬಂದು ಮಗಳ ವೇಷಕ್ಕೆ ಕುಳಿತವರು. ಸೂಜಿ, ದಾರ, ಕತ್ತರಿ, ನೀರಿನ ಬಾಟಲಿಗಳಿದ್ದ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಕುರ್ಚಿಯೊಂದರಲ್ಲಿ ಕುಳಿತಿದ್ದರು. “ನಾನು ಜೀವಮಾನವೆಲ್ಲ ಬಟ್ಟೆ ಹರೀದ ಹಾಗೆ ಹೊಲಿಯೋದು ಕಲ್ತೋಳು ಸಾರ್. ಇವಳು ಹೊಸ ಪ್ಯಾಂಟ್ ತಂದು, ಇಲ್ಲಿ ಹರಿದಿರಬೇಕು, ಅಲ್ಲಿ ಸವೆದಿರಬೇಕು ಅಂತ ಕೂತ್ಲು. ದುಡ್ಡು ಕೊಟ್ಟು ತಂದಿದ್ದನ್ನ ಹರಿಯೋದಾ ಅಂತ ಎರಡು ದಿನ ಮಾತು ಬಿಟ್ಟಿದ್ದೆ” ಎಂದು ನಕ್ಕರು. ಕೊನೆಗೆ ಮರಳುಕಾಗದದಿಂದ ಮೊಣಕಾಲಿನ ಕಡೆ ಉಜ್ಜಿದವರೂ, ಬಿಳಿಯ ಬ್ಯಾಂಡೇಜು ಬಟ್ಟೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯ ರಕ್ತದ ಬಣ್ಣ ಬರುವವರೆಗೆ ಒಣಗಿಸಿದವರೂ ಅವರೇ. ಹರಿದ ಅಂಚು ಇನ್ನಷ್ಟು ಹರಿಯದಂತೆ ಒಳಗಡೆ ಕಣ್ಣಿಗೆ ಕಾಣದ ಹೊಲಿಗೆ ಹಾಕಿದ್ದರು. ಹರಿದಂತೆ ತೋರಬೇಕು, ಹರಿಯಬಾರದು. ಆಹಾರ್ಯಾಭಿನಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ.

ಆದರೆ ತಾಯಿಯ ಪರಿಚಯಕ್ಕೆ ಮೊದಲೇ ನಡೆದುದನ್ನು ಹೇಳಬೇಕು. ಮೇಳದ ಆವರಣಕ್ಕೆ ಕಾಲಿಟ್ಟಾಗ ನನಗೆ ಕಂಡದ್ದು ಬಣ್ಣಗಳ ಸಂತೆ. ರೆಕ್ಕೆ ಕಟ್ಟಿಕೊಂಡವರು, ಲೋಹದ ಕವಚ ತೊಟ್ಟವರು, ನೀಲಿಯ ಕೂದಲಿನವರು ಎಲ್ಲೆಡೆ ತುಂಬಿದ್ದರು. ಈ ಜಾತ್ರೆಯಲ್ಲಿ ನಮ್ಮ ಹುಡುಗಿಯನ್ನು ಹುಡುಕುವುದೆಂತು? ಮುಖ ಹುಡುಕುತ್ತ ಅರ್ಧ ಗಂಟೆ ಅಲೆದೆ. ಆಗ ಎದುರಿನ ಓಣಿಯಲ್ಲಿ ಒಬ್ಬಳು ಗೋಡೆಯ ಬದಿಯಲ್ಲಿ ಹೋಗುತ್ತಿದ್ದಳು. ಹೆಗಲಲ್ಲಿ ಬಿಲ್ಲು, ತೋಳಿಗೆ ಕಂದುಬಣ್ಣದ ಕಟ್ಟು, ಬಿಗಿದು ಕಟ್ಟಿದ ಕೂದಲು. ಎಡಗಾಲಿನ ಮೇಲೆ ಭಾರ ಬೀಳದಂತೆ ಇಡುವ ಹೆಜ್ಜೆ. ಅವಳು ಗೋಡೆಯನ್ನು ನೋಡಲಿಲ್ಲ. ಆದರೂ ಬೆರಳುಗಳು ತಾವಾಗಿಯೇ ಮೇಲೆದ್ದು ಗೋಡೆಯನ್ನು ಮುಟ್ಟಿ, ಮುಟ್ಟಿದಲ್ಲಿ ಒಂದು ಗಳಿಗೆ ತಡೆದು, ಮುಂದೆ ಸರಿದುವು. ಕತ್ತಲೆಯಲ್ಲಿ ದಾರಿ ಹುಡುಕುವವರ ಕೈ ಅದು. ಮೇಲೆ ವಿದ್ಯುದ್ದೀಪಗಳು ಜಗಜಗಿಸುತ್ತಿದ್ದರೂ ಆ ಗಳಿಗೆಯಲ್ಲಿ ನನಗೆ ಅಲ್ಲಿ ಕತ್ತಲೆ ಕಂಡಿತು. ಒದ್ದೆಯಾದ ಬಂಡೆ ಕಂಡಿತು. ಒಂದು ವಾರ ರಾತ್ರಿ ನಾನು ಬೆನ್ನ ಹಿಂದೆ ತೇಲಿದ್ದವಳು ಇವಳೇ!

ಕೈ ಜೇಬಿಗೆ ಹೋಯಿತು. ಮೊಬೈಲನ್ನು ತೆಗೆದು ಹಿಂದಿನಿಂದಲೇ ಒಂದು ಚಿತ್ರ ತೆಗೆದೆ. ಅದರ ಸದ್ದಿಗೆ ಅವಳು ತಿರುಗಿದಳು. ಆ ನೋಟದಲ್ಲಿ ನನ್ನ ಪರಿಚಯವಿರಲಿಲ್ಲ. ಎಚ್ಚರವಿತ್ತು, ಹೆದರಿಕೆಯಿತ್ತು, ಹೆದರಿಕೆಯನ್ನು ಮೀರಿದ ಒಂದು ಹಟವಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕರಗಿ, “ಅಯ್ಯೋ ಸರ್, ನೀವಾ!” ಎಂದು ನಮ್ಮ ಹುಡುಗಿ ಓಡಿಬಂದಳು. ಹಣೆಯಲ್ಲಿ ಬೆವರು ಮೂಡಿತ್ತು. ಬಣ್ಣದ ಬೆವರಲ್ಲ.

ಹೋಲಿಕೆಯ ಮಾತೆತ್ತಿದರೆ, ಅವಳಲ್ಲಿ ಆ ಇಂಗ್ಲಿಷ್ ತರುಣಿಯ ಹೋಲಿಕೆ ಎಳ್ಳಷ್ಟೂ ಇಲ್ಲ. ಬಣ್ಣ ಬೇರೆ, ಮೂಗು ಬೇರೆ, ಎತ್ತರ ಒಂದು ಗೇಣು ಕಡಿಮೆ. ಆದರೆ ಸುತ್ತ ನೆರೆದ ಹುಡುಗರು ದೂರದಿಂದಲೇ “ಲಾರಾ, ಲಾರಾ” ಎಂದು ಕೂಗುತ್ತಿದ್ದರು. ನಮ್ಮ ಮಣ್ಣಿನ ನಂಟಿರುವ ನಾಯಿಕೆಯನ್ನೇ ಆರಿಸಬಹುದಿತ್ತಲ್ಲವೆ ಎಂದು ಕೇಳಿದೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ಆಟದ ಕ್ಲೋಯಿ ಫ್ರೇಜರ್ ಭಾರತೀಯ ತಂದೆಯ ಮಗಳು, ಹೊಯ್ಸಳರ ನಿಧಿಯೊಂದನ್ನು ಅರಸಿ ಪಶ್ಚಿಮಘಟ್ಟದಲ್ಲಿ ಅಲೆಯುವವಳು. ಮಗನಿಂದ ಇಷ್ಟನ್ನು ಕಲಿತಿದ್ದೆ. ಹುಡುಗಿ ನಕ್ಕು, “ಆ ಆಟದ ಬೇಲೂರು ಜಲಪಾತಗಳ ನಡುವೆ ಕಳೆದುಹೋಗಿರೋ ಊರು ಸರ್. ನಮ್ಮ ಬೇಲೂರಿಗೆ ಬಸ್ಸು ಹೋಗುತ್ತೆ” ಎಂದಳು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಗೆ 2023ರಲ್ಲಿ ವಿಶ್ವಪರಂಪರೆಯ ಮನ್ನಣೆ ಬಂದುದನ್ನು ನಾನು ನೆನಪಿಸುವಷ್ಟರಲ್ಲಿ ಅವಳೇ ಮುಂದುವರಿಸಿದಳು: “ಬಣ್ಣ ಹೊಂದುತ್ತೆ, ಊರು ಹೊಂದುತ್ತೆ ಅಂತ ವೇಷ ಹಾಕೋದಾದರೆ ಅದು ಗುರುತಿನ ಚೀಟಿ ಆಗುತ್ತೆ ಸರ್. ನನಗೆ ಹೊಂದಿದ್ದು ಇವಳ ಭಯ.”

ನಾವು ಹೀಗೆ ಮಾತಾಡುತ್ತಿರುವಾಗಲೇ ಆ ಘಟನೆ ನಡೆಯಿತು. ನಡುವಯಸ್ಸಿನ ಸಭ್ಯನೊಬ್ಬ, ನೋಡಿದರೆ ಕೆಟ್ಟವನೆನಿಸದವನು, ಚಿತ್ರ ತೆಗೆಸಿಕೊಳ್ಳಲು ಬಂದು ಕೇಳದೆಯೇ ಅವಳ ಹೆಗಲ ಮೇಲೆ ಕೈ ಹಾಕಿದ. ಪ್ರತಿಮೆಯೊಂದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರು ಅದರ ಮೇಲೆ ಕೈ ಇಡುವಷ್ಟೇ ಸಹಜವಾಗಿ. ಹುಡುಗಿ ಅವನತ್ತ ತಿರುಗಿದಳು. ನಾನು ಕಂಡಿದ್ದ ಅದೇ ನೋಟ. ಆದರೆ ಈ ಸಲ ಅದು ಕರಗಲಿಲ್ಲ. “ಕೈ ತೆಗೀರಿ” ಎಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ. ಅವನು ತಬ್ಬಿಬ್ಬಾಗಿ, “ವೇಷ ಅಲ್ಲವಾ...” ಎಂದು ಏನೋ ಹೇಳಹೋಗಿ, ಕ್ಷಮೆ ಕೇಳಿ ಸರಿದುಹೋದ. ಮೂಲೆಯಲ್ಲಿದ್ದ ತಾಯಿ ಎದ್ದು ನಿಂತವರು ಮತ್ತೆ ಕುಳಿತರು.

ಅವನು ಅರ್ಧಕ್ಕೆ ನಿಲ್ಲಿಸಿದ ಮಾತು ನನ್ನನ್ನು ಬಹುದಿನ ಕಾಡಿತು. ವೇಷ ಚೆನ್ನಾಗಿಲ್ಲದಿದ್ದರೆ ಅವನು ಕೈ ಹಾಕುತ್ತಿರಲಿಲ್ಲ. ಅದು ಅಷ್ಟು ಸತ್ಯವಾಗಿದ್ದುದರಿಂದಲೇ ಒಳಗೊಬ್ಬಳು ಇರುವಳೆಂಬುದನ್ನು ಅವನು ಮರೆತ. ನ್ಯೂಯಾರ್ಕಿನ ಪ್ರಸಿದ್ಧ ಚಿತ್ರಕಥಾ ಮೇಳವು 2014ರಲ್ಲಿ, ವೇಷ ತೊಡುವುದೆಂದರೆ ಮುಟ್ಟಲು ಒಪ್ಪಿಗೆ ಕೊಟ್ಟಂತಲ್ಲ ಎಂಬ ಎಚ್ಚರಿಕೆಯನ್ನು ಆಳೆತ್ತರದ ಫಲಕಗಳಲ್ಲಿ ಬರೆದು ಬಾಗಿಲಲ್ಲೇ ನಿಲ್ಲಿಸಬೇಕಾಯಿತು. ಹಾಗಾದರೆ ಮರೆವಿನ ಈ ರೋಗ ಒಬ್ಬನದಲ್ಲ, ಒಂದೂರಿನದಲ್ಲ. ಪ್ರೇಕ್ಷಕನು ಸಹೃದಯನಾಗಿರಬೇಕೆಂದು ನಮ್ಮ ಆಲಂಕಾರಿಕರು ಹೇಳಿದರು. ಪಾತ್ರದಲ್ಲಿ ತನ್ಮಯನಾಗುವುದು ಸಹೃದಯತೆಯ ಅರ್ಧಭಾಗ. ಪಾತ್ರ ಹೊತ್ತವಳನ್ನು ಮರೆಯದಿರುವುದು ಇನ್ನರ್ಧ. ಮೊದಲನೆಯದನ್ನು ಪಾಠ ಹೇಳುತ್ತ ಬಂದ ನಾನು ಎರಡನೆಯದನ್ನು ಒಮ್ಮೆಯೂ ಹೇಳಿರಲಿಲ್ಲ.

ಹೇಳುವ ಅಧಿಕಾರವಾದರೂ ನನಗೆಲ್ಲಿತ್ತು? ನನ್ನ ಜೇಬಿನಲ್ಲಿಯೂ ಕೇಳದೆ ತೆಗೆದ ಚಿತ್ರವೊಂದಿತ್ತು.

ಪರದೆಯ ಮೇಲಿನ ಲಾರಾಳಿಗೆ ಇಲ್ಲದ ಒಂದು ಶಕ್ತಿಯ ಅರಿವು ನನಗೆ ಆಗ ಆಯಿತು. ಅವಳು ಎಷ್ಟು ಕಂದಕ ದಾಟಿದರೂ, ಎಷ್ಟು ಹುಲಿಗಳನ್ನು ಎದುರಿಸಿದರೂ, ಬೆನ್ನ ಹಿಂದೆ ಸದಾ ತೇಲಿಬರುವ ನಮ್ಮ ಕಣ್ಣನ್ನು ಮಾತ್ರ ಎದುರಿಸಲಾರಳು. 1997ರ ಆಟದ ಕೊನೆಯಲ್ಲಿ ಒಮ್ಮೆ, ಸ್ನಾನಕ್ಕೆ ಹೊರಟವಳು ತಿರುಗಿ ನಮ್ಮನ್ನೇ ನೋಡಿ, ನೋಡಿದ್ದು ಸಾಕೆಂದು ಗದರಿಸಿ ಕೋವಿ ಹಾರಿಸುತ್ತಾಳೆಂಬುದು ನಿಜ. ಆದರೆ ಅದು ಆಟ ಕಟ್ಟಿದವರ ವಿನೋದ. ಅವಳನ್ನು ತಿರುಗಿಸಿದವರೂ ಅವರೇ. ಈ ಹುಡುಗಿಯನ್ನು ಯಾರೂ ತಿರುಗಿಸಲಿಲ್ಲ. ನಟಿಯೊಬ್ಬಳ ಮೈಯಿಂದ ಬೊಂಬೆಗೆ ಹೋದ ಚಲನೆಯನ್ನು ಅವಳು ಬೊಂಬೆಯಿಂದ ಮತ್ತೆ ಮೈಗೆ ತಂದುಕೊಂಡಳು. ತಂದುಕೊಂಡು, ಪರದೆಯ ನಾಯಿಕೆ ಮಾಡಲಾರದುದನ್ನು ತಾನು ಮಾಡಿದಳು. ಎರಡು ಸಲ ತಿರುಗಿ ನೋಡಿದಳು: ಒಮ್ಮೆ ಅವನನ್ನು, ಅದಕ್ಕೂ ಮೊದಲು ನನ್ನನ್ನು. ಆ ನೋಟ ಲಾರಾಳದೋ ಅವಳದೋ ಎಂದು ಬಿಡಿಸಿ ಹೇಳಲು ನನಗೆ ಬಾರದು. ಅವಳ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ. ಅದು ಬರಿಯ ಆಹಾರ್ಯವಾಗಿದ್ದರೆ ಬಿಡಿಸುವುದು ಸುಲಭವಿತ್ತು. ತಾಯಿಯ ಚೀಲದಲ್ಲಿ ಕತ್ತರಿಯಿತ್ತು.

ಹೊರಡುವ ಮುನ್ನ ಮೊಬೈಲನ್ನು ಅವಳ ಮುಂದೆ ಹಿಡಿದು, “ಕೇಳದೆ ತೆಗೆದೆನಮ್ಮ, ತಪ್ಪಾಯಿತು. ಅಳಿಸಿಬಿಡಲೆ?” ಎಂದೆ. ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು; ಗೋಡೆಯ ಮೇಲಿನ ತನ್ನ ಬೆರಳುಗಳನ್ನು ಬಹಳ ಹೊತ್ತು ನೋಡಿದಳು.

“ಇರಲಿ ಸರ್, ಚೆನ್ನಾಗಿ ಬಂದಿದೆ. ಕೇಳಿದ್ದರೆ ಇನ್ನೂ ಚೆನ್ನಾಗಿ ನಡೀತಿದ್ದೆ” ಎಂದು ಮೊಬೈಲನ್ನು ನನ್ನ ಕೈಗಿತ್ತು, ಬಿಲ್ಲನ್ನು ಹೆಗಲಿಗೇರಿಸಿ, ಗುಂಪಿನೊಳಗೆ ನಡೆದುಹೋದಳು. ನಾನು ಚಿತ್ರ ತೆಗೆಯದೆ ನೋಡುತ್ತ ನಿಂತೆ.